ಕೆಳಗೆ ನೇರಲ, ಮೇಲೆ ಕಂದೇರಿದ ಕಸ್ಟರ್ಡ್: ತಪ್ಪು ಕಲ್ಪನೆ ಮತ್ತು ವಾಸ್ತವ

ಕಾರಹುಣ್ಣಿಮೆ ಕಳೆಯುವ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಂತೆಗಳಿಗೆ ನೇರಲಹಣ್ಣು ಇಳಿಯುತ್ತದೆ. ಬುಟ್ಟಿಯಲ್ಲಿ ಬರುತ್ತದೆ, ಉಪ್ಪು-ಖಾರ ಉದುರಿಸಿಕೊಂಡು ಕಾಗದದ ಪೊಟ್ಟಣದಲ್ಲಿ ಹೋಗುತ್ತದೆ. ಅದನ್ನು ಒಲೆಯ ಮೇಲಿಡುವವರು ಕಡಿಮೆ. ಹಾಲಿನ ಹತ್ತಿರ ತರುವವರು ಇನ್ನೂ ಕಡಿಮೆ. ಯುರೋಪಿನಲ್ಲಿ ಇಂಥದೇ ಹುಳಿಸಿಹಿ ಹಣ್ಣುಗಳನ್ನು ಬೆಚ್ಚಗೆ ಮಾಡಿ, ಅಗಲ ಬಟ್ಟಲಿನಲ್ಲಿ ಹರಡಿ, ಮೇಲೆ ಗಟ್ಟಿ ಕಸ್ಟರ್ಡ್ ಹೊದಿಸಿ, ಆ ಹೊದಿಕೆಯ ನೆತ್ತಿಗಷ್ಟೇ ಶಾಖ ಕೊಟ್ಟು ಕಂದು ಬಣ್ಣ ಬರಿಸಿ ಬಿಸಿಬಿಸಿಯಾಗಿ ತಿನ್ನುತ್ತಾರೆ. ಫ್ರೆಂಚರು ಇದನ್ನು ಗ್ರಾಟಿನ್ ಎನ್ನುತ್ತಾರೆ. ನಮ್ಮ ಕಡೆ ಇದನ್ನು ಮಾಡಲು ಬೇಕಾದದ್ದೆಲ್ಲ ಇದೆ. ಅಡ್ಡ ನಿಂತಿರುವುದು ನಾವು ಕೇಳಿಕೊಂಡೇ ಬೆಳೆದ ಕೆಲವು ಮಾತುಗಳು. ಅವುಗಳಲ್ಲಿ ಒಂದೆರಡು ಪೂರ್ತಿ ಸುಳ್ಳಲ್ಲ, ಹೇಳುವ ಕಾರಣ ಮಾತ್ರ ತಪ್ಪು.

ಅಳತೆ ಮೊದಲೇ ಹೇಳಿಬಿಡೋಣ. ನಾಲ್ಕೈದು ಜನಕ್ಕೆ ಅರ್ಧ ಕಿಲೋ ಚೆನ್ನಾಗಿ ಮಾಗಿದ ನೇರಲ, ಅದಕ್ಕೆ ನಾಲ್ಕು ದೊಡ್ಡ ಚಮಚ ಸಕ್ಕರೆ. ಅರ್ಧ ಲೀಟರ್ ಗಟ್ಟಿ ಹಾಲು, ನಾಲ್ಕು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಮತ್ತೆ ನಾಲ್ಕು ಚಮಚ ಸಕ್ಕರೆ, ಎರಡು ಚಮಚ ಕೆನೆ. ಕೊನೆಗೆ ಮೇಲೆ ಉದುರಿಸಲು ಒಂದೆರಡು ಚಮಚ ಸಕ್ಕರೆ. ಹಣ್ಣನ್ನು ಸ್ವಲ್ಪವೇ ನೀರಿನಲ್ಲಿ ಮೆತ್ತಗಾಗುವಷ್ಟು ಬೇಯಿಸಿ, ಜರಡಿಯ ಮೇಲೆ ತಿಕ್ಕಿ ಬೀಜ ಬೇರ್ಪಡಿಸಿ, ಸಕ್ಕರೆ ಹಾಕಿ ಗಟ್ಟಿಯಾಗುವ ತನಕ ಕುದಿಸಿ ಬಟ್ಟಲಿಗೆ ಹಾಕಿ. ಬೀಜವನ್ನು ಜಜ್ಜಬೇಡಿ, ಒಗರು ಇಳಿಯುತ್ತದೆ. ಇನ್ನು ಅನುಮಾನಗಳ ಸರದಿ.

ಹುಳಿಹಣ್ಣೂ ಹಾಲೂ ಒಟ್ಟಿಗೆ ಹೊಟ್ಟೆಗಿಳಿದರೆ ಮೈಮೇಲೆ ತೊನ್ನು ಏಳುತ್ತದೆ ಎಂಬ ಭಯ

ವಾಸ್ತವ: ಎಲ್ಲಕ್ಕಿಂತ ಹಳೆಯ ಭಯ ಇದು, ಎಲ್ಲಕ್ಕಿಂತ ಆಳಕ್ಕೆ ಬೇರು ಬಿಟ್ಟಿರುವುದೂ ಇದೇ. ನಕ್ಕು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಇದು ಯಾರೋ ಅಜ್ಜಿ ಹುಟ್ಟಿಸಿದ ಕತೆಯಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯದಲ್ಲಿ ವಿರುದ್ಧಾಹಾರದ ಪಟ್ಟಿಯಿದೆ. ಹಾಲಿನ ಜೊತೆ ಕೂಡದವು ಎಂದು ಅಲ್ಲಿ ಹೇಳಿರುವ ಹಣ್ಣುಗಳಲ್ಲಿ ನೇರಲ, ಬಾರಿ, ಕವಳಿ ಮೂರೂ ಸೇರಿವೆ. ವಿರುದ್ಧಾಹಾರದಿಂದ ಬರುವ ರೋಗಗಳ ಸಾಲಿನಲ್ಲಿ ಚರ್ಮರೋಗಗಳೂ ಇವೆ. ನಮ್ಮ ಹಿರಿಯರ ಎಚ್ಚರಿಕೆಗೆ ಮೂಲ ಇಲ್ಲಿದೆ.

ಆದರೆ ಪಟ್ಟಿಯನ್ನು ಪೂರ್ತಿ ಓದಿದರೆ ಅದರಲ್ಲಿ ಮಾವು ಇದೆ, ಹಲಸು ಇದೆ, ತೆಂಗೂ ಇದೆ. ಮಾವಿನ ಶೀಕರಣೆಗೆ ಹಾಲು ಹಾಕುವ ಮನೆಯಲ್ಲೇ ನೇರಲಕ್ಕೆ ಹಾಲು ತಾಗಿಸಿದರೆ ಗದರುತ್ತಾರೆ! ಪಟ್ಟಿಯಲ್ಲಿ ನಮಗೆ ರೂಢಿಯಿರುವುದನ್ನು ಬಿಟ್ಟು, ರೂಢಿಯಿಲ್ಲದ್ದನ್ನಷ್ಟೇ ಹಿಡಿದುಕೊಂಡಿದ್ದೇವೆ. ಅದೇ ಅಧ್ಯಾಯ ಇನ್ನೂ ಒಂದು ಮಾತು ಹೇಳುತ್ತದೆ: ಜೀರ್ಣಶಕ್ತಿ ಚೆನ್ನಾಗಿರುವವರಿಗೆ, ದೇಹ ದಂಡಿಸುವವರಿಗೆ, ತರುಣರಿಗೆ, ಅಲ್ಪ ಪ್ರಮಾಣದಲ್ಲಿ ತಿನ್ನುವವರಿಗೆ ವಿರುದ್ಧಾಹಾರವೂ ಕೆಡುಕು ಮಾಡದು. ಈ ಭಾಗ ಮಾತ್ರ ಬಾಯಿಂದ ಬಾಯಿಗೆ ದಾಟಿ ಬರಲಿಲ್ಲ.

ಇಂದಿನ ವೈದ್ಯಕೀಯ ಹೇಳುವುದು ಬೇರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಎಂಬ ಜೀವಕೋಶಗಳು ನಾಶವಾದಾಗ ತೊನ್ನು ಕಾಣಿಸಿಕೊಳ್ಳುತ್ತದೆ. ಅವನ್ನು ನಾಶ ಮಾಡುವುದು ಬಹುಪಾಲು ನಮ್ಮದೇ ರೋಗನಿರೋಧಕ ವ್ಯವಸ್ಥೆ. ವಂಶವಾಹಿಗಳ ಪಾತ್ರವೂ ಇದೆ. ಹಾಲಿಗೂ ಹಣ್ಣಿಗೂ ಇದರಲ್ಲಿ ಪಾತ್ರವಿದೆ ಎಂಬುದಕ್ಕೆ ಪುರಾವೆಯಿಲ್ಲ. ವಿಂಬಲ್ಡನ್ ಟೆನಿಸ್ ನೋಡಲು ಹೋದವರು ಪ್ರತಿ ಬೇಸಿಗೆ ತಿನ್ನುವುದು ಸ್ಟ್ರಾಬೆರಿ ಮತ್ತು ಕೆನೆಯನ್ನು, ಅಂದರೆ ಹುಳಿಹಣ್ಣು ಮತ್ತು ಹಾಲನ್ನು. ಜಗತ್ತಿನಾದ್ಯಂತ ತೊನ್ನು ಇರುವವರು ನೂರಕ್ಕೆ ಅರ್ಧದಿಂದ ಎರಡರಷ್ಟು ಎಂಬ ಅಂದಾಜಿದೆ. ಇದು ಅಂಟುರೋಗವೂ ಅಲ್ಲ. ಪ್ರತಿವರ್ಷ ಜೂನ್ 25 ವಿಶ್ವ ತೊನ್ನು ದಿನ, ನೇರಲದ ಸುಗ್ಗಿಯ ನಡುವೆಯೇ ಬರುತ್ತದೆ. ಆ ಹೊತ್ತಿಗಾದರೂ ತೊನ್ನು ಇರುವವರ ಮನೆಯಲ್ಲಿ ಏನು ತಿಂದಿದ್ದರೋ ಎಂದು ಲೆಕ್ಕ ಹಾಕುವುದನ್ನು ನಿಲ್ಲಿಸಬಹುದು. ಹೆಣ್ಣು-ಗಂಡು ನೋಡುವ ಕಡೆ ಈ ಲೆಕ್ಕ ಎಷ್ಟು ಕ್ರೂರವಾಗುತ್ತದೆಂದು ಬಲ್ಲವರು ಬಲ್ಲರು.

ಹಾಲಿನ ಸಕ್ಕರೆ ಅರಗದವರಿಗೆ ಹೊಟ್ಟೆಯುಬ್ಬರ ಬರಬಹುದು. ಅದು ಬರೀ ಹಾಲು ಕುಡಿದರೂ ಬರುತ್ತದೆ, ನೇರಲವನ್ನು ದೂರುವಂತಿಲ್ಲ.

ಹಣ್ಣು ತಾಗಿ ಹಾಲು ಒಡೆದರೆ ಅದು ವಿಷ, ಚೆಲ್ಲಲೇಬೇಕು ಎಂಬ ನಂಬಿಕೆ

ವಾಸ್ತವ: ಹಾಲು ಒಡೆಯುವುದು ನಿಜ, ವಿಷವಾಗುವುದು ಸುಳ್ಳು. ಹಾಲಿನ ಪಿಎಚ್ ಸುಮಾರು 6.7. ಅದು 4.6ರ ಹತ್ತಿರ ಇಳಿದಾಗ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತದೆ. ಹಾಲು ಬಿಸಿಯಿದ್ದರೆ ಅಷ್ಟು ಹುಳಿಯೂ ಬೇಕಿಲ್ಲ. ಪನೀರು ಮಾಡುವಾಗ ನಿಂಬೆರಸ ಹಿಂಡುವುದು ಇದಕ್ಕೇ. ಅದನ್ನು ದುಡ್ಡು ಕೊಟ್ಟು ತರುತ್ತೇವೆ, ಇದನ್ನು ಹೆದರಿ ಚೆಲ್ಲುತ್ತೇವೆ. ಇನ್ನು ಕುಡಿದ ಪ್ರತಿ ಲೋಟ ಹಾಲೂ ಜಠರದ ಆಮ್ಲಕ್ಕೆ ಸಿಕ್ಕು ಒಡೆದೇ ಮುಂದೆ ಹೋಗುತ್ತದೆ.

ಆದರೂ ಒಡೆದ ಕಸ್ಟರ್ಡ್ ನೋಡಲು ಚೆಂದವಿಲ್ಲ, ನಾಲಿಗೆಗೂ ತರಿ. ಅದನ್ನು ತಪ್ಪಿಸುವ ದಾರಿ ಮೂರು. ಹಣ್ಣಿಗೆ ಹಸಿ ಹಾಲು ಸುರಿಯಬಾರದು, ಕುದಿದು ಗಟ್ಟಿಯಾದ ಕಸ್ಟರ್ಡನ್ನೇ ಹೊದಿಸಬೇಕು, ಪಿಷ್ಟದ ಜಾಲ ಪ್ರೋಟೀನುಗಳನ್ನು ಒಂದಕ್ಕೊಂದು ಅಂಟಲು ಬಿಡುವುದಿಲ್ಲ. ಹಣ್ಣಿನ ರಸವನ್ನು ಚೆನ್ನಾಗಿ ಬತ್ತಿಸಿರಬೇಕು. ಹೊದಿಸಿದ ಮೇಲೆ ಕಲಕಬಾರದು. ಎರಡು ಪದರ ಕೂಡುವ ಗೆರೆಯಲ್ಲಿ ತುಸು ಒಡೆದರೂ ಗೊತ್ತಾಗುವುದಿಲ್ಲ.

ಒಂದು ಲಾಭವೂ ಇದೆ. ನೇರಲದ ಒಗರಿಗೆ ಕಾರಣ ಟ್ಯಾನಿನ್. ಅದು ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆ ಹಿಡಿದಂತಾಗುತ್ತದೆ. ಹಾಲಿನ ಕೇಸಿನ್ ಪಕ್ಕದಲ್ಲಿದ್ದರೆ ಟ್ಯಾನಿನ್ ಅದಕ್ಕೇ ಅಂಟುತ್ತದೆ, ಒಗರು ತಗ್ಗುತ್ತದೆ. ಯಾವ ಜೋಡಿಗೆ ಹೆದರುತ್ತಿದ್ದೆವೋ ಆ ಜೋಡಿಯೇ ಈ ಹಣ್ಣಿಗೆ ಹೇಳಿ ಮಾಡಿಸಿದ್ದು.

ನೇರಲ ತಾಗಿದಲ್ಲಿ ಕಸ್ಟರ್ಡ್ ನೀಲಿ ತಿರುಗಿತೆಂದರೆ ಹಾಲಿಗೆ ಏನೋ ಬೆರೆಸಿದ್ದಾರೆ ಎಂಬ ಗುಮಾನಿ

ವಾಸ್ತವ: ಹಾಲಿನವನನ್ನು ಬಿಟ್ಟುಬಿಡಿ. ನೇರಲದ ಬಣ್ಣ ಆಂಥೋಸಯನಿನ್‌ನದು. ಹುಳಿಯಲ್ಲಿ ಅದು ಕೆಂಪು, ಹುಳಿ ಕಡಿಮೆಯಾದಂತೆ ನೇರಳೆ, ಇನ್ನೂ ಕಡಿಮೆಯಾದರೆ ನೀಲಿ, ಕ್ಷಾರ ಸೇರಿದರೆ ಹಸಿರು ಛಾಯೆ. ಹಣ್ಣಿನ ಹುಳಿ ಹಾಲಿನಲ್ಲಿ ತೆಳುವಾದ ಜಾಗದಲ್ಲಿ ಬೂದುನೀಲಿ ಕಾಣುವುದು ಇದೇ ಕಾರಣಕ್ಕೆ. ಹುಳಿ ಮುರಿಯಲೆಂದು ಚಿಟಿಕೆ ಅಡುಗೆ ಸೋಡಾ ಹಾಕುವವರಿದ್ದಾರೆ. ಹಾಕಿದರೆ ಹಣ್ಣೆಲ್ಲ ಶಾಯಿಯ ಬಣ್ಣಕ್ಕೆ ತಿರುಗುತ್ತದೆ, ರುಚಿಯೂ ಸಾಬೂನಿನ ಕಡೆ ವಾಲುತ್ತದೆ. ಅದರ ಬದಲು ಒಂದೆರಡು ಹನಿ ನಿಂಬೆರಸ ಬಿಟ್ಟರೆ ಕೆಂಪು ಮರಳುತ್ತದೆ.

ಇಲ್ಲಿ ಹಿರಿಯರ ಒಂದು ಮಾತು ಮಾತ್ರ ನೂರಕ್ಕೆ ನೂರು ಸರಿ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಬಾರದು. ತಾಮ್ರ ಕರಗಿ ಅಡುಗೆಗೆ ಸೇರುತ್ತದೆ, ವಾಂತಿ, ಹೊಟ್ಟೆನೋವು ತರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಅಪಾಯವಿಲ್ಲ, ಆದರೆ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಹಣ್ಣು ಕಪ್ಪಗಾಗುತ್ತದೆ. ಸ್ಟೀಲು ಸಾಕು.

ಕಸ್ಟರ್ಡ್ ಎಂದರೆ ಮೊಟ್ಟೆ, ನಮ್ಮ ಮಡಿಯ ಒಲೆಗೆ ಸಲ್ಲದು ಎಂಬ ತೀರ್ಮಾನ

ವಾಸ್ತವ: ಮೂಲದ ಕಸ್ಟರ್ಡಿಗೆ ಮೊಟ್ಟೆ ಬೇಕು, ಡಬ್ಬಿಯ ಪುಡಿಗೆ ಬೇಡ. ಆ ಪುಡಿ ಹುಟ್ಟಿದ್ದೇ ಮೊಟ್ಟೆ ತಪ್ಪಿಸಲು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ ಅವರ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ. ಆಕೆಗಾಗಿ ಅವರು 1837ರಲ್ಲಿ ಕಾರ್ನ್‌ಫ್ಲೋರಿನಿಂದ ಗಟ್ಟಿಯಾಗುವ ಪುಡಿಯೊಂದನ್ನು ಸಿದ್ಧಪಡಿಸಿದರು. ಇಂದಿಗೂ ಒಳಗಿರುವುದು ಕಾರ್ನ್‌ಫ್ಲೋರು, ಬಣ್ಣ, ವೆನಿಲ್ಲಾ ಪರಿಮಳ. ಹಳದಿ ಬಣ್ಣ ಮೊಟ್ಟೆಯ ಭಂಡಾರದ್ದಲ್ಲ. ಅನುಮಾನವಿದ್ದರೆ ಪೊಟ್ಟಣ ತಿರುಗಿಸಿ ನೋಡಿ: ನಮ್ಮ ದೇಶದ ನಿಯಮದಂತೆ ಮೊಟ್ಟೆಯಿದ್ದರೂ ಅದು ಮಾಂಸಾಹಾರವೇ, ಹಸಿರು ಚುಕ್ಕೆ ಹಾಕುವಂತಿಲ್ಲ. ಆದರೆ ಹೋಟೆಲಿನಲ್ಲಿ, ಬೇಕರಿಯಲ್ಲಿ ಬಟ್ಟಲಿಗೆ ಹಾಕಿ ಕೊಟ್ಟಾಗ ಚುಕ್ಕೆ ಇರುವುದಿಲ್ಲ. ಅಲ್ಲಿ ಕೇಳುವುದು ಒಳ್ಳೆಯದು.

ಮೊಟ್ಟೆ ತಿನ್ನುವವರ ಮನೆಯಲ್ಲಿ ಬೇರೆ ತೊಡಕಿದೆ. ಬರೀ ಭಂಡಾರ ಮತ್ತು ಹಾಲಿನ ಕಸ್ಟರ್ಡ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, 85 ದಾಟಿದರೆ ಒಡೆಯುತ್ತದೆ. ಕುದಿಸಿದಿರೋ ಕೆಟ್ಟಿತು. ಆದರೆ ಭಂಡಾರದ ಜೊತೆ ಕಾರ್ನ್‌ಫ್ಲೋರೂ ಹಾಕಿದ್ದರೆ ಕುದಿಸಲೇಬೇಕು. ಭಂಡಾರದಲ್ಲಿ ಪಿಷ್ಟವನ್ನು ಕತ್ತರಿಸುವ ಒಂದು ಕಿಣ್ವವಿದೆ. ಅದನ್ನು ಕುದಿಸಿ ಕೊಲ್ಲದಿದ್ದರೆ ರಾತ್ರಿ ಗಟ್ಟಿಯಿದ್ದ ಕಸ್ಟರ್ಡ್ ಬೆಳಿಗ್ಗೆ ನೀರು.

ಅಂದಹಾಗೆ, ಮೊಟ್ಟೆಯೂ ಪಿಷ್ಟವೂ ಇಲ್ಲದೆ ಗಟ್ಟಿಯಾಗುವ ಹಾಲು ನಮ್ಮಲ್ಲಿ ಮೊದಲಿಂದಲೂ ಇತ್ತು: ಎಮ್ಮೆ ಈದಾಗಿನ ಗಿಣ್ಣದ ಹಾಲು. ಅದರಲ್ಲಿ ತುಂಬಿರುವ ಪ್ರೋಟೀನು ಶಾಖಕ್ಕೆ ಮೊಟ್ಟೆಯದರಂತೆಯೇ ಹೆಪ್ಪುಗಟ್ಟುತ್ತದೆ. ಬೆಲ್ಲದ ಗಿಣ್ಣದ ಕೆಳಗೆ ಒಂದು ಪದರ ನೇರಲ ಹರಡಿದರೆ ಅದೂ ಇದೇ ಜಾತಿಯ ತಿನಿಸು. ನಮಗೆ ಕೇಳಿದರೆ ಡಬ್ಬಿಯ ಪುಡಿಗಿಂತ ಗಿಣ್ಣವೇ ಮೇಲು, ಸಿಗಬೇಕಷ್ಟೆ.

ಕಾರ್ನ್‌ಫ್ಲೋರ್ ಎಂದರೆ ಗೋವಿನಜೋಳದ ಹಿಟ್ಟು, ಗಿರಣಿಯಲ್ಲಿ ಬೀಸಿಸಿಕೊಂಡರಾಯಿತು ಎಂಬ ಉಳಿತಾಯ

ವಾಸ್ತವ: ಹಾವೇರಿ ಜಿಲ್ಲೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗೋವಿನಜೋಳ. ಹಾಗಾಗಿ ಈ ಯೋಚನೆ ಬರುವುದು ಸಹಜ, ಮನೆಯಲ್ಲೇ ಚೀಲವಿದ್ದಾಗ ಪೊಟ್ಟಣಕ್ಕೆ ಯಾಕೆ ದುಡ್ಡು? ಆದರೆ ಗಿರಣಿಯಿಂದ ಬರುವುದು ಇಡೀ ಕಾಳಿನ ಹಿಟ್ಟು: ಸಿಪ್ಪೆ, ಎಣ್ಣೆಯ ಮೊಳಕೆ, ಪ್ರೋಟೀನು ಎಲ್ಲ ಅದರಲ್ಲಿವೆ. ಅಂಗಡಿಯ ಕಾರ್ನ್‌ಫ್ಲೋರು ಆ ಕಾಳನ್ನು ನೆನೆಸಿ, ಅರೆದು, ತೊಳೆದು ತೆಗೆದ ಬರೀ ಪಿಷ್ಟ. ಹಿಟ್ಟು ಹಾಕಿದರೆ ಅಂಬಲಿಯಾಗುತ್ತದೆ, ಕಸ್ಟರ್ಡ್ ಆಗುವುದಿಲ್ಲ.

ಕಸ್ಟರ್ಡ್ ಪುಡಿಯನ್ನು ಕುದಿಯುವ ಹಾಲಿಗೆ ನೇರವಾಗಿ ಸುರಿಯುವುದೂ ಇಂಥದೇ ತಪ್ಪು. ಪುಡಿಯ ಹೊರಮೈ ಕೂಡಲೇ ಬೆಂದು ಅಂಟಾಗಿ, ಒಳಗೆ ಒಣಪುಡಿ ಹಾಗೆಯೇ ಉಳಿದು ಗಂಟು ಕಟ್ಟುತ್ತದೆ. ತಣ್ಣನೆ ಹಾಲಿನಲ್ಲಿ ಕಲಸಿ, ಬಿಸಿ ಹಾಲಿಗೆ ಧಾರೆಯಾಗಿ ಬಿಡುತ್ತ ತಿರುವಬೇಕು. ಗಟ್ಟಿಯಾದ ಮೇಲೂ ಒಂದೆರಡು ನಿಮಿಷ ಕುದಿಯಲಿ, ಹಸಿ ವಾಸನೆ ಹೋಗುತ್ತದೆ.

ಓವನ್ ಇಲ್ಲದ ಮನೆಯಲ್ಲಿ ಇದನ್ನು ಮಾಡಲಾಗದು ಎಂಬ ನಿರಾಶೆ

ವಾಸ್ತವ: ಹಣ್ಣು ಬೆಂದಿದೆ, ಕಸ್ಟರ್ಡ್ ಬೆಂದಿದೆ. ಓವನ್ನಿನಲ್ಲಿ ಬೇಯಬೇಕಾದ್ದು ಏನೂ ಉಳಿದಿಲ್ಲ. ಉಳಿದಿರುವ ಕೆಲಸ ಒಂದೇ, ನೆತ್ತಿಗೆ ಬಣ್ಣ. ಅದಕ್ಕೆ ಬೇಕಾದ್ದು ಮೇಲಿನಿಂದ ಬೀಳುವ ಒಣ ಶಾಖ.

ಇದನ್ನು ಅರ್ಥ ಮಾಡಿಕೊಳ್ಳದೆ ಕುಕ್ಕರಿನಲ್ಲಿಡುವವರಿದ್ದಾರೆ. ಕುಕ್ಕರಿನೊಳಗೆ ಸುಮಾರು 120 ಡಿಗ್ರಿ, ಅದೂ ಹಬೆ. ಬಣ್ಣ ಬರಬೇಕಾದರೆ ಮೇಲ್ಮೈ ಒಣಗಿ 140 ಡಿಗ್ರಿ ದಾಟಬೇಕು. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ನೆತ್ತಿ ಬೆಳ್ಳಗೇ ಇರುತ್ತದೆ, ಮೇಲಾಗಿ ಮುಚ್ಚಳದ ನೀರು ತೊಟ್ಟಿಕ್ಕುತ್ತದೆ. ಗ್ರಿಲ್ ಇಲ್ಲದ ಮೈಕ್ರೋವೇವೂ ಅಷ್ಟೆ, ಅದು ಒಳಗಿನ ನೀರನ್ನು ಕಾಯಿಸುತ್ತದೆಯೇ ಹೊರತು ಮೇಲ್ಮೈಯನ್ನು ಸುಡುವುದಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ತಕ್ಕ ಸಾಧನವಿದೆ, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು. ಅದನ್ನು ದೊಡ್ಡ ಉರಿಯ ಮೇಲೆ ಹೊಗೆಯಾಡುವಷ್ಟು ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಬಟ್ಟಲಿನ ಅಂಚಿನ ಮೇಲೆ ಮುಚ್ಚಿದಂತೆ ಇಡಬೇಕು. ಕಸ್ಟರ್ಡಿಗೂ ಹಂಚಿಗೂ ಒಂದು ಬೆರಳು ದಪ್ಪದ ಅಂತರವಿರಲಿ. ಕಾದ ಕಬ್ಬಿಣ ಕೆಳಮುಖವಾಗಿ ಸೂಸುವ ಶಾಖಕ್ಕೆ ಕಸ್ಟರ್ಡಿನ ಚರ್ಮ ಮೊದಲು ಒಣಗುತ್ತದೆ, ಆಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಏಳುತ್ತದೆ. ಒಮ್ಮೆಗೆ ಬರದಿದ್ದರೆ ಹಂಚನ್ನು ಮತ್ತೆ ಕಾಯಿಸಿ ಇಡಿ. ಒಲೆಯಲ್ಲಿ ಕೆಂಡವಿರುವ ಹಳ್ಳಿಮನೆಯಲ್ಲಿ ಇನ್ನೂ ಸುಲಭ, ತಟ್ಟೆ ಮುಚ್ಚಿ ಮೇಲೆ ಕೆಂಡ ಹರಡಿದರಾಯಿತು. ಸಕ್ಕರೆ ಉದುರಿಸಿ ಕಾದ ಕಬ್ಬಿಣದ ಸೌಟಿನ ಬೆನ್ನು ತಾಗಿಸಿದರೆ ಗರಿಗರಿ ಪದರವೇ ಬರುತ್ತದೆ. ಇದು ಬಡವರ ಉಪಾಯವಲ್ಲ: ಸ್ಪೇನಿನ ಕ್ಯಾಟಲೋನಿಯಾದಲ್ಲಿ ಕ್ರೆಮಾ ಕ್ಯಾಟಲಾನಾ ಎಂಬ ಕಸ್ಟರ್ಡಿನ ಮೇಲಿನ ಸಕ್ಕರೆಯನ್ನು ಕಾದ ಕಬ್ಬಿಣದ ಬಿಲ್ಲೆಯಿಂದಲೇ ಸುಡುವ ರೂಢಿ.

ಎಚ್ಚರ ಎರಡು. ನಾನ್‌ಸ್ಟಿಕ್ ತವಾವನ್ನು ಹೀಗೆ ಬರಿದಾಗಿ ಕಾಯಿಸಬೇಡಿ, 260 ಡಿಗ್ರಿ ದಾಟಿದರೆ ಅದರ ಲೇಪನ ಕೆಟ್ಟ ಹೊಗೆ ಬಿಡುತ್ತದೆ. ಬಟ್ಟಲು ಸ್ಟೀಲಿನದೋ ದಪ್ಪ ಪಿಂಗಾಣಿಯದೋ ಆಗಿರಲಿ, ಸಾಮಾನ್ಯ ಗಾಜು ಸಿಡಿಯುತ್ತದೆ.

ಕಂದು ಬಂತೆಂದರೆ ಸೀದುಹೋಯಿತು, ಸೀದದ್ದು ತಿಂದರೆ ಕ್ಯಾನ್ಸರ್ ಎಂಬ ಆತಂಕ

ವಾಸ್ತವ: ಹೀಗೆನ್ನುವವರು ಧಾರವಾಡ ಪೇಡೆ ಬೇಡ ಎಂದದ್ದನ್ನು ನಾವು ಕಂಡಿಲ್ಲ. ಪೇಡೆಯ ಕಂದು, ಬೆಳಗಾವಿ ಕುಂದಾದ ಕಂದು ಎರಡೂ ಹಾಲಿನ ಘನಾಂಶವನ್ನು ಹುರಿದು ಹುರಿದು ತರಿಸಿದ್ದು. ಪ್ರೋಟೀನು ಮತ್ತು ಹಾಲಿನ ಸಕ್ಕರೆ ಶಾಖದಲ್ಲಿ ಕೂಡಿ ನೂರಾರು ಹೊಸ ಪರಿಮಳಗಳನ್ನೂ ಆ ಬಣ್ಣವನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಕ್ರಿಯೆಗೆ ಅವರದೇ ಹೆಸರು. ಕಸ್ಟರ್ಡಿನ ನೆತ್ತಿಯಲ್ಲಿ ನಡೆಯುವುದೂ ಅದೇ, ಕೆಲವೇ ನಿಮಿಷದಲ್ಲಿ, ಕಾಗದದಷ್ಟು ತೆಳುವಾಗಿ.

ಭಯಕ್ಕೆ ಆಧಾರವೇ ಇಲ್ಲ ಎನ್ನಲಾಗದು. ಪಿಷ್ಟದ ತಿನಿಸುಗಳನ್ನು, ಮುಖ್ಯವಾಗಿ ಆಲೂಗಡ್ಡೆ ಮತ್ತು ಕಾಳುಕಡಿಯನ್ನು, ಹೆಚ್ಚು ಶಾಖದಲ್ಲಿ ಕರಿದಾಗ, ಹುರಿದಾಗ ಅಕ್ರಿಲಮೈಡ್ ಎಂಬ ವಸ್ತು ಉಂಟಾಗುತ್ತದೆ. ಹಾಲಿನ ತಿನಿಸುಗಳಲ್ಲಿ ಅದು ತೀರ ಕಡಿಮೆ. ಹೊಂಬಣ್ಣದಿಂದ ಕಂದಿನವರೆಗೆ ಸರಿ. ಕಪ್ಪಾದ ಚೂರನ್ನು ಚಮಚದಲ್ಲಿ ಎತ್ತಿ ಬಿಸಾಡಿ, ಹೇಗಿದ್ದರೂ ಅದು ಕಹಿ.

ಬೆರ್ರಿ ಎಂದರೆ ಸ್ಟ್ರಾಬೆರಿ, ಮಹಾಬಳೇಶ್ವರದಿಂದ ಬರಬೇಕು, ನಮ್ಮ ನೆಲದಲ್ಲಿಲ್ಲ ಎಂಬ ಕೀಳರಿಮೆ

ವಾಸ್ತವ: ಸ್ಟ್ರಾಬೆರಿ ಚಳಿಗಾಲದಲ್ಲಿ ಹೆದ್ದಾರಿ ಹಿಡಿದು ಬರುತ್ತದೆ, ಬಂದಾಗ ಬಳಸಿ, ಬೇಡವೆನ್ನುವವರಾರು? ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಬೆರ್ರಿಯೇ ಅಲ್ಲ. ಟೊಮ್ಯಾಟೊ ಬೆರ್ರಿ, ಬದನೆ ಬೆರ್ರಿ, ಮೆಣಸಿನಕಾಯಿಯೂ ಬೆರ್ರಿ. ಅಂದರೆ ಬ್ಯಾಡಗಿ ಮಾರುಕಟ್ಟೆಯ ಅಂಗಳದಲ್ಲಿ ರಾಶಿ ಬಿದ್ದಿರುವುದೂ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಕೈಯಿಂದ ಪರಾಗ ಹಚ್ಚಿಸಿಕೊಳ್ಳುವುದೂ ಬೆರ್ರಿಗಳೇ. ಇದು ತಮಾಷೆಗೆ ಹೇಳಿದ್ದು, ಬದನೆಯ ಮೇಲೆ ಕಸ್ಟರ್ಡ್ ಹೊದಿಸಬೇಡಿ.

ಅಡುಗೆಗೆ ಬೇಕಾದ್ದು ಹುಳಿ, ಸಿಹಿ, ರಸ, ಬಣ್ಣ. ಹಾಗೆ ನೋಡಿದರೆ ನೇರಲಕ್ಕೆ ಮೊದಲ ಸ್ಥಾನ. ವಿಜಯಪುರದ ಕಪ್ಪು ದ್ರಾಕ್ಷಿ ಎರಡನೆಯದು, ಬೇಯಿಸುವುದೂ ಬೇಡ, ಬೆಚ್ಚಗಾದರೆ ಸಾಕು. ಕವಳಿಹಣ್ಣು ಬೇಸಿಗೆಯ ಕೊನೆಗೆ ಸಿಗುತ್ತದೆ. ವಿಪರೀತ ಹುಳಿ, ಆದ್ದರಿಂದ ಸಕ್ಕರೆ ಎರಡರಷ್ಟು ಬೇಕು, ಆದರೆ ಅದರಲ್ಲಿರುವ ಪೆಕ್ಟಿನ್‌ನಿಂದ ರಸ ತಾನಾಗಿ ಗಟ್ಟಿಯಾಗುತ್ತದೆ. ಬಾರಿಹಣ್ಣು ಈ ಕೆಲಸಕ್ಕಿಲ್ಲ. ಅದಕ್ಕೆ ರಸವಿಲ್ಲ, ಬೇಯಿಸಿದರೆ ಹಿಟ್ಟುಹಿಟ್ಟು. ಒಣಗಿಸಿ, ಕುಟ್ಟಿ, ಬೆಲ್ಲ ಬೆರೆಸಿ ತಿನ್ನುವುದೇ ಅದಕ್ಕೆ ಮರ್ಯಾದೆ.

ಹಿಪ್ಪುನೇರಳೆ ಹಣ್ಣಿನ ಬಗ್ಗೆ ಪ್ರತ್ಯೇಕ ಮಾತು ಬೇಕು. ಅದು ಹುಳುವಿನ ಮೇವು, ಮನುಷ್ಯರು ತಿನ್ನುವುದಲ್ಲ ಎಂದುಕೊಂಡಿದ್ದೇವೆ. ಹುಳು ತಿನ್ನುವುದು ಎಲೆಯನ್ನು, ಹಣ್ಣನ್ನಲ್ಲ. ಎಲೆಗಾಗಿ ಗಿಡವನ್ನು ಪದೇಪದೇ ಕಡಿಯುವುದರಿಂದ ರೇಷ್ಮೆ ತೋಟಗಳಲ್ಲಿ ಹಣ್ಣು ಕಡಿಮೆ, ಬಿಟ್ಟದ್ದೂ ಉದುರಿಹೋಗುತ್ತದೆ. ಪೂರ್ತಿ ಕಪ್ಪಾದ ಹಣ್ಣು ರುಚಿಗೆ ಯಾವ ವಿದೇಶಿ ಬೆರ್ರಿಗೂ ಕಡಿಮೆಯಲ್ಲ. ಹಸಿರು ಕಾಯಿ ಬೇಡ, ಹೊಟ್ಟೆ ಕೆಡಿಸುತ್ತದೆ. ಕೀಟನಾಶಕಕ್ಕೆ ಮೊದಲು ಸಾಯುವುದು ರೇಷ್ಮೆಹುಳುವೇ ಆದ್ದರಿಂದ ಬೆಳೆಗಾರರು ಸಿಂಪಡಣೆಯಲ್ಲಿ ಎಚ್ಚರವಾಗಿರುತ್ತಾರೆ. ಆದರೂ ಕೊಯ್ಯುವ ಮುನ್ನ ತೋಟದವರನ್ನು ಒಂದು ಮಾತು ಕೇಳಿ.

ಏಲಕ್ಕಿ ಬೆಳ್ಳಗಿದ್ದಷ್ಟೂ ಉತ್ತಮ ಎಂಬ ಹೆಮ್ಮೆ

ವಾಸ್ತವ: ಈ ಹೆಮ್ಮೆ ಹಾವೇರಿಯದೇ. ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ, ಅದು ಮಲೆನಾಡಿನದು. ಹಿಂದೆ ಅಲ್ಲಿಂದ ಬಂದ ಕಾಯಿಯನ್ನು ಇಲ್ಲಿ ಅಂಟುವಾಳದ ನೀರಿನಲ್ಲಿ ತೊಳೆದು ಬೆಳ್ಳಗೆ ಮಾಡಿ ಮಾರುತ್ತಿದ್ದರು. ಊರಿಗೆ ಏಲಕ್ಕಿಯ ಹೆಸರು ಬಂದದ್ದು ಆ ವ್ಯಾಪಾರದಿಂದ, ಸನ್ಮಾನಗಳಿಗೆ ಹೋಗುವ ಏಲಕ್ಕಿ ಹಾರದಿಂದ. ಹಾರಕ್ಕೆ ಬಿಳಿಯದು ಚೆಂದವೇ. ಕಸ್ಟರ್ಡಿಗೆ ಹಸಿರೇ ಸರಿ, ಬಿಳುಪು ಮಾಡುವಾಗ ಪರಿಮಳದ ಎಣ್ಣೆಯೂ ಒಂದಿಷ್ಟು ಹೋಗಿರುತ್ತದೆ. ಒಲೆ ಆರಿಸಿದ ಮೇಲೆ ಪುಡಿ ಹಾಕಿ, ಕುದಿಯುವಾಗ ಹಾಕಿದರೆ ಪರಿಮಳ ಅಡುಗೆಮನೆಗೆ ಸಿಗುತ್ತದೆ, ನಾಲಿಗೆಗಲ್ಲ.

ಬ್ಯಾಡಗಿ ಮೆಣಸು ಅಷ್ಟು ಕೆಂಪು, ಸಿಹಿಗೆ ತಾಗಿದರೆ ಬಾಯಿ ಉರಿದೀತು ಎಂಬ ಹಿಂಜರಿಕೆ

ವಾಸ್ತವ: ಬಣ್ಣ ಬೇರೆ, ಖಾರ ಬೇರೆ. ಕೆಂಪು ಕ್ಯಾರೊಟಿನಾಯ್ಡುಗಳದ್ದು, ಉರಿ ಕ್ಯಾಪ್ಸೈಸಿನ್‌ನದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯ ಹೆಸರು ಬಣ್ಣಕ್ಕೆ, ಖಾರ ಕಡಿಮೆಯೇ. ಸಂತೆಯಲ್ಲಿ ನೇರಲಕ್ಕೆ ಖಾರದ ಪುಡಿ ಉದುರಿಸಿ ತಿನ್ನುವವರು ಬಟ್ಟಲಿನಲ್ಲಿ ಅದೇ ಜೋಡಿ ಕಂಡರೆ ಬೆಚ್ಚುವುದೇಕೋ! ಕುದಿಯುವ ಹಣ್ಣಿಗೆ ಒಂದು ಚಿಟಿಕೆ ಬ್ಯಾಡಗಿ ಪುಡಿ, ಒಂದು ಕಲ್ಲು ಉಪ್ಪು ಹಾಕಿ ನೋಡಿ. ಹಾಲಿನ ಕೇಸಿನ್ ಇದ್ದಬದ್ದ ಉರಿಯನ್ನೂ ಇಳಿಸುತ್ತದೆ.

ನೇರಲ ಸಕ್ಕರೆಕಾಯಿಲೆಗೆ ಔಷಧಿ, ಆದ್ದರಿಂದ ಈ ಸಿಹಿಯನ್ನು ಮಧುಮೇಹಿಗಳೂ ಧಾರಾಳವಾಗಿ ತಿನ್ನಬಹುದು ಎಂಬ ಸಮಾಧಾನ

ವಾಸ್ತವ: ಇದು ಅಪಾಯದ ಸಮಾಧಾನ. ನೂರು ಗ್ರಾಂ ನೇರಲದಲ್ಲಿಯೇ ಸುಮಾರು 14ರಿಂದ 15 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅದರ ಮೇಲೆ ನಾವು ಹಾಕಿದ ಸಕ್ಕರೆ, ಕಸ್ಟರ್ಡಿನ ಪಿಷ್ಟ, ಹಾಲಿನ ಸಕ್ಕರೆ ಬೇರೆ. ಬೀಜದ ಪುಡಿಯ ಮೇಲೆ ಸಂಶೋಧನೆ ನಡೆದಿದೆ, ನಿಜ. ಆದರೆ ಮಾತ್ರೆ, ಇನ್ಸುಲಿನ್ ಬಿಡಿಸುವಷ್ಟು ಗಟ್ಟಿ ಪುರಾವೆ ಅದಲ್ಲ, ಮತ್ತು ಈ ತಿನಿಸಿನಲ್ಲಿ ಬೀಜವನ್ನು ನಾವು ಮೊದಲೇ ತೆಗೆದು ಬಿಸಾಡಿದ್ದೇವೆ. ಸಕ್ಕರೆಕಾಯಿಲೆ ಇರುವವರಿಗೆ ಹಾಗೆಯೇ ನಾಲ್ಕು ಹಣ್ಣು ಕೊಡಿ.

ಬಸುರಿ ನೇರಲ ತಿಂದರೆ ಮಗು ಕಪ್ಪಾಗುತ್ತದೆ ಎಂಬ ಮಾತು

ವಾಸ್ತವ: ಆಗುವುದಿಲ್ಲ. ಮಗುವಿನ ಮೈಬಣ್ಣ ನಿರ್ಧಾರವಾಗುವುದು ತಂದೆತಾಯಿಯ ವಂಶವಾಹಿಗಳಿಂದ. ಹಣ್ಣಿನ ಬಣ್ಣ ಅರಗಿ ಚೂರಾಗಿ ಹೋಗುತ್ತದೆ, ಮಗುವಿನ ಚರ್ಮದ ಬಣ್ಣವನ್ನು ಅದು ಬದಲಿಸಲಾರದು. ಕೇಸರಿ ಹಾಲಿಗೂ ಇದೇ ಉತ್ತರ. ಇನ್ನು ಕಪ್ಪಾದರೆ ತಪ್ಪೇನು ಎಂಬುದು ಬೇರೆಯದೇ ಪ್ರಶ್ನೆ, ಅದನ್ನು ಕೇಳಬೇಕಾದ್ದು ನೇರಲವನ್ನಲ್ಲ. ಬಸುರಿಯರು ಗಮನಿಸಬೇಕಾದ್ದು ಎರಡೇ: ಹಣ್ಣು ಚೆನ್ನಾಗಿ ತೊಳೆದಿರಬೇಕು, ಮೊಟ್ಟೆ ಹಾಕಿದ್ದರೆ ಪೂರ್ತಿ ಬೆಂದಿರಬೇಕು.

ಉಳಿದದ್ದನ್ನು ಮುಚ್ಚಿಟ್ಟು ಬೆಳಿಗ್ಗೆ ಮತ್ತೆ ಬಿಸಿ ಮಾಡಿದರೆ ಏನೂ ಆಗದು ಎಂಬ ಧೈರ್ಯ

ವಾಸ್ತವ: ಹೆದರಬೇಕಾದಲ್ಲಿ ನಾವು ಹೆದರುವುದಿಲ್ಲ. ಹಾಲು ಮತ್ತು ಪಿಷ್ಟ ಕೂಡಿದ ತಿನಿಸು ಬೆಚ್ಚನೆಯ ಅಡುಗೆಮನೆಯಲ್ಲಿ ರಾತ್ರಿಯಿಡೀ ಕೂತರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅದರ ಬೀಜಕಗಳು ಕುದಿತಕ್ಕೂ ಸಾಯುವುದಿಲ್ಲ, ತಣ್ಣಗಾಗುತ್ತ ಬಂದಾಗ ಮೊಳೆತು ಹೆಚ್ಚುತ್ತವೆ. ಅವು ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಮರುದಿನ ವಾಂತಿಯಾದಾಗ ನಾವು ದೂರುವುದು ಮಾತ್ರ ಹಾಲು-ಹಣ್ಣಿನ ಜೋಡಿಯನ್ನು! ಮೊದಲ ಭಯ ಇಷ್ಟು ದಿನ ಉಳಿದುಕೊಂಡದ್ದರಲ್ಲಿ ಇದರ ಪಾಲೂ ಇರಬಹುದು.

ಎರಡು ಗಂಟೆಯೊಳಗೆ ತಿಂದು ಮುಗಿಸಿ, ಬೇಸಿಗೆಯ ಸೆಕೆಯಲ್ಲಿ ಒಂದೇ ಗಂಟೆ. ಹೆಚ್ಚಾಗುತ್ತದೆ ಅನಿಸಿದರೆ ಹೊದಿಸುವ ಮೊದಲೇ ಹಣ್ಣನ್ನೂ ಕಸ್ಟರ್ಡನ್ನೂ ಬೇರೆ ಬೇರೆ ಅಗಲ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗಿಡಿ. ಕಂದು ಪದರ ಹೇಗಿದ್ದರೂ ಮರುದಿನಕ್ಕೆ ಉಳಿಯುವುದಿಲ್ಲ, ಸುಟ್ಟ ಸಕ್ಕರೆ ತೇವ ಹೀರಿ ಕರಗುತ್ತದೆ. ತಿನ್ನುವ ದಿನ ಹಣ್ಣನ್ನು ಕುದಿ ಬರುವಷ್ಟು ಬಿಸಿ ಮಾಡಿ, ಕಸ್ಟರ್ಡಿಗೆ ಎರಡು ಚಮಚ ಹಾಲು ಬೆರೆಸಿ ಕಾಯಿಸಿ ಮೇಲೆ ಹರಡಿ, ಸಕ್ಕರೆ ಉದುರಿಸಿ, ಹಂಚನ್ನು ಮತ್ತೆ ಉರಿಗೆ ಇಡಿ.